ನೆಗಡಿಯ ಬೆನ್ನಿಗೆ ಬರುವ ಎರಡನೇ ಸೋಂಕು

ರಾತ್ರಿ ಒಂಬತ್ತೂವರೆಯ ಹೊತ್ತು. ಊಟಕ್ಕೆ ಕುಳಿತಿದ್ದಾಗ ಫೋನ್ ಬಂತು. ನಮ್ಮ ಊರಿನ ನಿವೃತ್ತ ಶಾಲಾ ಮೇಷ್ಟರೊಬ್ಬರು ಮಾತನಾಡಿದರು. “ಡಾಕ್ಟ್ರೇ, ನಮ್ಮ ಮನೆಯವರಿಗೆ ಸ್ವಲ್ಪ ನೆಗಡಿ, ಜ್ವರ. ಮೊಮ್ಮಗನಿಗೆ ಬಂದಿತ್ತು, ಅವನಿಂದ ಅಂಟಿಕೊಂಡಿರಬೇಕು. ಒಂದು ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸಲೇ? ಬೆಳಿಗ್ಗೆ ಕರೆದುಕೊಂಡು ಬರುತ್ತೇನೆ.”

ಬೇರೆ ಯಾರಾದರೂ ಆಗಿದ್ದರೆ ನಾನೂ ‘ಹಾಗೇ ಮಾಡಿ’ ಎನ್ನುತ್ತಿದ್ದೆ. ಆದರೆ ಆಕೆಗೆ ಸ್ತನ ಕ್ಯಾನ್ಸರ್. ಮೂರನೇ ಸಲದ ಕೀಮೋಥೆರಪಿ ಮುಗಿದು ಅಂದಿಗೆ ಹತ್ತು ದಿನವಾಗಿತ್ತು. ಜ್ವರ ಎಷ್ಟಿದೆ ಎಂದು ಕೇಳಿದೆ. ನೂರೊಂದು ಎಂದರು. “ಮೇಷ್ಟ್ರೇ, ಈಗ ಮಾತ್ರೆ ಕೊಡಬೇಡಿ. ಬೆಳಗಿನವರೆಗೂ ಕಾಯಬೇಡಿ. ಫೈಲು ಹಿಡಿದುಕೊಂಡು ಈಗಲೇ ಆಸ್ಪತ್ರೆಗೆ ಹೊರಡಿ” ಎಂದೆ. ಅವರು ಒಂದು ಕ್ಷಣ ಸುಮ್ಮನಾದರು. ನಂತರ, “ನೆಗಡಿಗಾ ಡಾಕ್ಟ್ರೇ?” ಎಂದರು.

ಆ ಪ್ರಶ್ನೆಗೆ ಅಂದು ಫೋನಿನಲ್ಲಿ ವಿವರವಾಗಿ ಉತ್ತರ ಹೇಳಲು ಹೊತ್ತಿರಲಿಲ್ಲ. ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರು ಇರುವ ಎಲ್ಲ ಮನೆಗಳಲ್ಲೂ ಇದೇ ಪ್ರಶ್ನೆ ಒಂದಲ್ಲ ಒಂದು ರಾತ್ರಿ ಏಳುತ್ತದೆ. ಆದ್ದರಿಂದ ಈ ವಾರ ಅದಕ್ಕೇ ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ಎರಡನೇ ಸೋಂಕು ಎಂದರೇನು?

ನೆಗಡಿ, ಫ್ಲೂ, ಕೋವಿಡ್ ಇವೆಲ್ಲ ವೈರಸ್‌ಗಳಿಂದ ಬರುವ ಉಸಿರಾಟದ ಸೋಂಕುಗಳು. ಆರೋಗ್ಯವಂತರಲ್ಲಿ ಇವು ಸಾಮಾನ್ಯವಾಗಿ ಐದಾರು ದಿನ ಕಾಡಿ ತಾವಾಗಿಯೇ ಹೋಗುತ್ತವೆ. ಆದರೆ ಕೆಲವರಲ್ಲಿ ವೈರಸ್ ಒಂಟಿಯಾಗಿ ಬರುವುದಿಲ್ಲ. ಅದರ ಜೊತೆಯಲ್ಲೋ, ಅದರ ಬೆನ್ನಿಗೋ ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ರೋಗಾಣು, ಶ್ವಾಸಕೋಶಕ್ಕೆ ಇಳಿಯುತ್ತದೆ. ಇದನ್ನೇ ನಾವು ಎರಡನೇ ಸೋಂಕು ಎನ್ನುತ್ತೇವೆ. ಅನೇಕ ಸಲ ಮೊದಲನೆಯದಕ್ಕಿಂತ ಈ ಎರಡನೆಯದೇ ಹೆಚ್ಚು ಅಪಾಯಕಾರಿ.

ಇದಕ್ಕೆ ಚರಿತ್ರೆಯಲ್ಲಿ ದೊಡ್ಡ ಸಾಕ್ಷಿಯಿದೆ. 1918ರ ಇನ್‌ಫ್ಲುಯೆಂಜಾ ಮಹಾಮಾರಿಯಲ್ಲಿ ಭಾರತವೊಂದರಲ್ಲೇ ಕೋಟಿಗೂ ಹೆಚ್ಚು ಜನ ಸತ್ತರೆಂದು ಅಂದಾಜು. ಇವರೆಲ್ಲ ಫ್ಲೂ ವೈರಸ್‌ನಿಂದಲೇ ಸತ್ತರು ಎಂಬುದು ನಮ್ಮೆಲ್ಲರ ನಂಬಿಕೆಯಾಗಿತ್ತು. 2008ರಲ್ಲಿ ಅಮೆರಿಕದ ಸಂಶೋಧಕರು, ಆ ಕಾಲದಲ್ಲಿ ಸತ್ತು ಶವಪರೀಕ್ಷೆಗೆ ಒಳಗಾಗಿದ್ದ 58 ಮಂದಿಯ ಶ್ವಾಸಕೋಶದ ತುಣುಕುಗಳನ್ನು ಮತ್ತೆ ಪರೀಕ್ಷಿಸಿದರು. ಹಳೆಯ ಸಾವಿರಾರು ಶವಪರೀಕ್ಷಾ ವರದಿಗಳನ್ನೂ ಓದಿದರು. ಹೆಚ್ಚಿನವರ ಸಾವಿಗೆ ಕಾರಣ ಫ್ಲೂ ಹಿಂದೆ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾ ಎಂಬುದು ಖಚಿತವಾಯಿತು. ಆಗ ಪೆನಿಸಿಲಿನ್ ಇರಲಿಲ್ಲ. ಅದು ಪತ್ತೆಯಾದದ್ದು 1928ರಲ್ಲಿ.

ವೈರಸ್ ಬಾಗಿಲು ತೆರೆಯುವ ಬಗೆ

ನಮ್ಮ ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲೆಳೆಗಳಿವೆ. ಅವು ಹಗಲೂ ರಾತ್ರಿ ಗದ್ದೆಯ ಪೈರಿನಂತೆ ಬಾಗಿ ಏಳುತ್ತಾ, ಉಸಿರಿನೊಂದಿಗೆ ಒಳಬಂದ ಧೂಳು ಮತ್ತು ರೋಗಾಣುಗಳನ್ನು ಲೋಳೆಯ ಸಮೇತ ಗಂಟಲಿನ ಕಡೆಗೆ ತಳ್ಳುತ್ತವೆ. ನಾವು ಅದನ್ನು ಕೆಮ್ಮಿ ಉಗುಳುತ್ತೇವೆ, ಇಲ್ಲವೇ ಗೊತ್ತಿಲ್ಲದೆ ನುಂಗುತ್ತೇವೆ. ಜಠರದ ಆಮ್ಲ ಉಳಿದ ಕೆಲಸ ಮಾಡುತ್ತದೆ.

ಫ್ಲೂ ವೈರಸ್ ಈ ಒಳಗೋಡೆಯ ಜೀವಕೋಶಗಳಲ್ಲೇ ಬೆಳೆದು ಅವನ್ನು ಕೊಲ್ಲುತ್ತದೆ. ಕೂದಲೆಳೆಗಳು ಉದುರುತ್ತವೆ. ಗೋಡೆ ಹಸಿ ಗಾಯದಂತಾಗುತ್ತದೆ. ನಮ್ಮ ಮೂಗು ಗಂಟಲುಗಳಲ್ಲಿ ಯಾವ ತೊಂದರೆಯೂ ಕೊಡದೆ ವಾಸವಾಗಿದ್ದ ನ್ಯುಮೊಕಾಕಸ್, ಸ್ಟ್ಯಾಫಿಲೊಕಾಕಸ್ ಮುಂತಾದ ಬ್ಯಾಕ್ಟೀರಿಯಾಗಳಿಗೆ ಆ ಗಾಯದ ಮೇಲೆ ಅಂಟಿಕೊಳ್ಳುವುದು ಸುಲಭ. ಅಲ್ಲಿಂದ ಅವು ಶ್ವಾಸಕೋಶಕ್ಕೆ ಇಳಿಯುತ್ತವೆ. ಹೊಸ ಗೋಡೆ ಬೆಳೆದು ಕೂದಲೆಳೆಗಳು ಮೊದಲಿನಂತಾಗಲು ವಾರಗಳೇ ಬೇಕು. ನೆಗಡಿ ನಿಂತ ಮೇಲೂ ಅಪಾಯ ಉಳಿದಿರುವುದು ಇದೇ ಕಾರಣಕ್ಕೆ.

ಇಷ್ಟಾದರೂ ಆರೋಗ್ಯವಂತರು ಸಾಮಾನ್ಯವಾಗಿ ಪಾರಾಗುತ್ತಾರೆ. ಏಕೆಂದರೆ ಅವರ ರಕ್ತದಲ್ಲಿ ಎರಡನೇ ಸಾಲಿನ ರಕ್ಷಕರಿದ್ದಾರೆ. ಅವೇ ಬಿಳಿ ರಕ್ತಕಣಗಳು.

ಕೌಂಟ್ ಬೀಳುವ ದಿನಗಳು

ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಎಂಬ ಜಾತಿಯದು ಮುಖ್ಯ. ಬ್ಯಾಕ್ಟೀರಿಯಾ ಮತ್ತು ಬೂಷ್ಟನ್ನು ನುಂಗಿ ಕೊಲ್ಲುವುದು ಇದರ ಕೆಲಸ. ಇದರ ಆಯುಷ್ಯ ಬಹಳ ಕಡಿಮೆ. ಆದ್ದರಿಂದ ನಮ್ಮ ಅಸ್ಥಿಮಜ್ಜೆ ದಿನಕ್ಕೆ ಹತ್ತು ಸಾವಿರ ಕೋಟಿಯ ಲೆಕ್ಕದಲ್ಲಿ ಹೊಸ ಕಣಗಳನ್ನು ತಯಾರಿಸುತ್ತಲೇ ಇರಬೇಕು.

ಕೀಮೋಥೆರಪಿಯ ಔಷಧಗಳು ವೇಗವಾಗಿ ಬೆಳೆಯುವ ಜೀವಕೋಶಗಳನ್ನು ಕೊಲ್ಲುತ್ತವೆ. ಕ್ಯಾನ್ಸರ್ ಕೋಶಗಳೂ ವೇಗವಾಗಿ ಬೆಳೆಯುತ್ತವೆ, ಅಸ್ಥಿಮಜ್ಜೆಯ ಕೋಶಗಳೂ ವೇಗವಾಗಿ ಬೆಳೆಯುತ್ತವೆ. ಕೂದಲು ಉದುರುವುದು, ಬಾಯಿ ಹುಣ್ಣಾಗುವುದು ಇದೇ ಕಾರಣದಿಂದ. ಇವು ಕಣ್ಣಿಗೆ ಕಾಣುತ್ತವೆ, ಮನೆಯವರಿಗೆ ದುಃಖವಾಗುತ್ತದೆ. ಆದರೆ ಅದೇ ದಿನಗಳಲ್ಲಿ ರಕ್ತದೊಳಗೆ ನ್ಯೂಟ್ರೋಫಿಲ್ ಸಂಖ್ಯೆ ಇಳಿಯುತ್ತಿರುವುದು ಯಾರಿಗೂ ಕಾಣುವುದಿಲ್ಲ.

ಸಾಮಾನ್ಯವಾಗಿ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಎರಡು ಸಾವಿರದಿಂದ ಏಳು ಸಾವಿರ ನ್ಯೂಟ್ರೋಫಿಲ್‌ಗಳಿರುತ್ತವೆ. ಕೀಮೋ ಕೊಟ್ಟ ನಂತರ ಹೆಚ್ಚಿನ ಔಷಧಗಳಲ್ಲಿ 7ರಿಂದ 14ನೇ ದಿನದ ನಡುವೆ ಈ ಸಂಖ್ಯೆ ತೀರಾ ಕೆಳಗಿಳಿಯುತ್ತದೆ. ನಂತರ ನಿಧಾನವಾಗಿ ಏರುತ್ತದೆ. ಅನೇಕರಿಗೆ ಮುಂದಿನ ಕೀಮೋ 21 ದಿನಗಳ ನಂತರ ಕೊಡುವುದರಲ್ಲಿ ಇದೂ ಒಂದು ಲೆಕ್ಕಾಚಾರ. ಸಂಖ್ಯೆ 500ಕ್ಕಿಂತ ಕಡಿಮೆಯಾದರೆ ದೇಹ ಬಹುಮಟ್ಟಿಗೆ ಕಾವಲಿಲ್ಲದಂತೆ. 1966ರಲ್ಲಿ ಅಮೆರಿಕದ ವೈದ್ಯ ಜೆರಾಲ್ಡ್ ಬೋಡಿ ಮತ್ತು ಸಂಗಡಿಗರು ರಕ್ತ ಕ್ಯಾನ್ಸರ್ ರೋಗಿಗಳನ್ನು ಗಮನಿಸಿ ಒಂದು ನೇರ ಸಂಬಂಧವನ್ನು ತೋರಿಸಿಕೊಟ್ಟರು. ಈ ಕಣಗಳು ಎಷ್ಟು ಕಡಿಮೆಯೋ ಮತ್ತು ಎಷ್ಟು ಹೆಚ್ಚು ದಿನ ಕಡಿಮೆಯಾಗಿರುತ್ತವೆಯೋ, ಸೋಂಕಿನ ಅಪಾಯ ಅಷ್ಟು ಹೆಚ್ಚು. ಇಂದಿಗೂ ನಮ್ಮ ಚಿಕಿತ್ಸೆ ಈ ತಿಳಿವಳಿಕೆಯ ಮೇಲೆಯೇ ನಿಂತಿದೆ.

ಮೇಷ್ಟರ ಪತ್ನಿಗೆ ಅಂದು ಹತ್ತನೇ ದಿನ ಎಂಬುದು ನನಗೆ ಏಕೆ ಅಷ್ಟು ಮುಖ್ಯವಾಯಿತು ಎಂಬುದು ಈಗ ನಿಮಗೆ ಅರ್ಥವಾಗಿರಬಹುದು.

ಎಲ್ಲ ಕ್ಯಾನ್ಸರ್ ರೋಗಿಗಳಿಗೂ ಒಂದೇ ಅಪಾಯವೇ?

ಇಲ್ಲ. ಇದನ್ನು ಓದಿ ಎಲ್ಲರೂ ಹೆದರಬೇಕಾಗಿಲ್ಲ. ಅತಿ ಹೆಚ್ಚು ಅಪಾಯ ಇರುವುದು ರಕ್ತ ಕ್ಯಾನ್ಸರ್ ಇರುವವರಿಗೆ, ಅಸ್ಥಿಮಜ್ಜೆಯ ಕಸಿ ಮಾಡಿಸಿಕೊಂಡವರಿಗೆ. ಅವರಲ್ಲಿ ಬಿಳಿ ಕಣಗಳ ಕೊರತೆ ವಾರಗಟ್ಟಲೆ ಇರಬಹುದು. ದುಗ್ಧಗ್ರಂಥಿಗಳ ಕ್ಯಾನ್ಸರ್ ಮತ್ತು ಮಯಲೋಮಾ ಎಂಬ ಕಾಯಿಲೆಯಲ್ಲಿ ಕಣಗಳ ಸಂಖ್ಯೆ ಸರಿಯಿದ್ದರೂ ರೋಗವನ್ನು ಎದುರಿಸುವ ಪ್ರತಿಕಾಯಗಳು ಕಡಿಮೆಯಾಗಿರುತ್ತವೆ. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಗಡ್ಡೆ ಶ್ವಾಸನಾಳವನ್ನು ಒತ್ತಿ ಕಫ ಒಳಗೇ ಕಟ್ಟಿಕೊಳ್ಳುತ್ತದೆ. ಕಟ್ಟಿದ ಕಫದಲ್ಲಿ ರೋಗಾಣು ಬೆಳೆಯುತ್ತದೆ. ದಿನವೂ ಸ್ಟೀರಾಯ್ಡ್ ಮಾತ್ರೆ ನುಂಗುವವರು, ಸಕ್ಕರೆ ಕಾಯಿಲೆಯೂ ಇರುವವರು, ವಯಸ್ಸಾದವರು, ಊಟ ಸೇರದೆ ಸೊರಗಿದವರು, ಬೀಡಿ ಸಿಗರೇಟು ಬಿಡದವರು ಇವರಿಗೂ ಅಪಾಯ ಹೆಚ್ಚು.

ಇನ್ನೊಂದು ಕಡೆ, ಶಸ್ತ್ರಚಿಕಿತ್ಸೆ ಮಾತ್ರ ಆಗಿ ಗುಣ ಹೊಂದಿದವರು, ಕೀಮೋ ಮುಗಿದು ವರ್ಷಗಳಾದವರು, ಸ್ತನ ಕ್ಯಾನ್ಸರ್‌ಗೆ ಟಾಮಾಕ್ಸಿಫೆನ್ ಮಾತ್ರೆ ಮಾತ್ರ ನುಂಗುತ್ತಿರುವವರು ಸಾಮಾನ್ಯವಾಗಿ ಬೇರೆಯವರಂತೆಯೇ ನೆಗಡಿಯಿಂದ ಗುಣ ಹೊಂದುತ್ತಾರೆ. ನಿಮ್ಮವರು ಯಾವ ಗುಂಪಿಗೆ ಸೇರಿದವರು ಎಂಬುದನ್ನು ಚಿಕಿತ್ಸೆ ಕೊಡುತ್ತಿರುವ ಕ್ಯಾನ್ಸರ್ ತಜ್ಞರನ್ನೇ ಕೇಳಿ ತಿಳಿದಿಟ್ಟುಕೊಳ್ಳಿ. ಜ್ವರ ಬರುವ ಮೊದಲೇ ಕೇಳಿ.

ಬೆನ್ನಿಗೆ ಬರುವವರು ಯಾರು?

ಮೊದಲ ಗುಂಪು ಆಗಲೇ ಹೇಳಿದ ನ್ಯುಮೊಕಾಕಸ್, ಸ್ಟ್ಯಾಫಿಲೊಕಾಕಸ್. ಇವು ಯಾರಲ್ಲಾದರೂ ಬರಬಹುದು. ಎರಡನೆಯ ಗುಂಪು ಸ್ಯುಡೊಮೊನಾಸ್, ಕ್ಲೆಬ್ಸಿಯೆಲ್ಲಾ, ಇ. ಕೊಲೈ ಮುಂತಾದವು. ಬಿಳಿ ಕಣ ಕಡಿಮೆ ಇರುವವರಲ್ಲಿ ಇವು ಗಂಟೆಗಳ ಲೆಕ್ಕದಲ್ಲಿ ರಕ್ತಕ್ಕೆ ಹರಡಿ, ರಕ್ತದೊತ್ತಡ ಕುಸಿಯುವಂತೆ ಮಾಡಬಲ್ಲವು. ಇವುಗಳಲ್ಲಿ ಕೆಲವು ನಮ್ಮ ಕರುಳಿನಲ್ಲೇ ಇರುತ್ತವೆ. ಕೀಮೋದಿಂದ ಕರುಳಿನ ಒಳಗೋಡೆ ಹುಣ್ಣಾದಾಗ ರಕ್ತಕ್ಕೆ ನುಗ್ಗುತ್ತವೆ. ಹೊರಗಿನವರು ಯಾರೂ ಮುಟ್ಟದೆ ಇದ್ದರೂ ಸೋಂಕು ಬಂದಿದ್ದು ಹೇಗೆ ಎಂದು ಮನೆಯವರು ತಮ್ಮನ್ನೇ ಹಳಿದುಕೊಳ್ಳುವುದನ್ನು ಕಂಡಿದ್ದೇನೆ. ಎಷ್ಟೋ ಸಲ ಅದರಲ್ಲಿ ಅವರ ತಪ್ಪು ಏನೂ ಇರುವುದಿಲ್ಲ.

ಮೂರನೆಯದು ಬೂಷ್ಟು. ಆಸ್ಪರ್ಜಿಲಸ್ ಎಂಬ ಬೂಷ್ಟಿನ ಕಣಗಳು ಗಾಳಿಯಲ್ಲಿ, ಮಣ್ಣಿನಲ್ಲಿ, ತೇವದ ಗೋಡೆಯಲ್ಲಿ, ಕಟ್ಟಡ ಒಡೆಯುವಾಗ ಏಳುವ ಧೂಳಿನಲ್ಲಿ ಇರುತ್ತವೆ. ನಾವೆಲ್ಲ ಅವನ್ನು ದಿನವೂ ಉಸಿರಾಡುತ್ತೇವೆ, ಏನೂ ಆಗುವುದಿಲ್ಲ. ತೀವ್ರ ಫ್ಲೂ ಅಥವಾ ಕೋವಿಡ್ ಆದವರಲ್ಲಿ, ಬಿಳಿ ಕಣ ಬಹಳ ದಿನ ಕಡಿಮೆ ಇರುವವರಲ್ಲಿ ಇವು ಶ್ವಾಸಕೋಶದಲ್ಲಿ ಬೇರು ಬಿಡುತ್ತವೆ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರ ಎಂಬ ಹೆಸರು ಮನೆಮನೆಗೂ ತಲುಪಿದ್ದು ನೆನಪಿರಬಹುದು. ಆ ವರ್ಷ ಜುಲೈ ಹೊತ್ತಿಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಮಂದಿಗೆ ಅದು ಬಂದಿತ್ತು. ಹೆಚ್ಚಿನವರಿಗೆ ಸಕ್ಕರೆ ಕಾಯಿಲೆ ಇತ್ತು, ಸ್ಟೀರಾಯ್ಡ್ ಕೊಡಲಾಗಿತ್ತು. ವೈರಸ್ ಹಿಂದೆ ಬೂಷ್ಟು ಬರುವುದು ಎಂದರೆ ಏನು ಎಂಬುದನ್ನು ಇಡೀ ದೇಶವೇ ಅಂದು ಕಣ್ಣಾರೆ ಕಂಡಿತು. ರಕ್ತ ಕ್ಯಾನ್ಸರ್ ವಾರ್ಡುಗಳ ವೈದ್ಯರಿಗೆ ಈ ಬೂಷ್ಟು ಅದಕ್ಕೂ ಹಿಂದಿನಿಂದಲೇ ಪರಿಚಿತ.

ನಮ್ಮ ದೇಶದಲ್ಲಿ ಕ್ಷಯವನ್ನೂ ಮರೆಯುವಂತಿಲ್ಲ. ಹಿಂದೆಂದೋ ದೇಹದಲ್ಲಿ ಅಡಗಿ ಕುಳಿತ ಕ್ಷಯದ ರೋಗಾಣು ಶಕ್ತಿ ಕುಂದಿದಾಗ ತಲೆ ಎತ್ತುತ್ತದೆ. ಕೆಮ್ಮು ಎರಡು ವಾರ ದಾಟಿದರೆ ‘ಕೀಮೋದಿಂದ ಇರಬೇಕು’ ಎಂದು ಸುಮ್ಮನಿರದೆ ಕಫ ಪರೀಕ್ಷೆ ಮಾಡಿಸಬೇಕು.

ಸದ್ದಿಲ್ಲದ ನ್ಯುಮೋನಿಯಾ

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಸುಮಾರು ಹದಿನೆಂಟು ವರ್ಷಗಳ ಹಿಂದಿನ ಮಾತು. ನಾನು ಆಗತಾನೇ ತಾಲ್ಲೂಕು ಕೇಂದ್ರದಲ್ಲಿ ಕ್ಲಿನಿಕ್ ತೆರೆದಿದ್ದೆ. ನಲವತ್ತರ ಆಸುಪಾಸಿನ ರೈತರೊಬ್ಬರು ನೆಗಡಿ, ಜ್ವರ ಎಂದು ಬಂದರು. ದುಗ್ಧಗ್ರಂಥಿಯ ಕ್ಯಾನ್ಸರ್‌ಗೆ ನಗರದಲ್ಲಿ ಕೀಮೋ ತೆಗೆದುಕೊಂಡು ಹತ್ತು ಹನ್ನೆರಡು ದಿನವಾಗಿತ್ತು. ನೂರರ ಮೇಲೆ ಜ್ವರ. ನಡೆದುಕೊಂಡೇ ಬಂದಿದ್ದರು, ನಗುತ್ತಲೇ ಮಾತನಾಡಿದರು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದೆ. ಯಾವ ಸದ್ದೂ ಇರಲಿಲ್ಲ. ಕಫವೂ ಇರಲಿಲ್ಲ. ಜ್ವರದ ಮಾತ್ರೆ, ನೆಗಡಿಯ ಮಾತ್ರೆ ಬರೆದುಕೊಟ್ಟು ಎರಡು ದಿನ ಬಿಟ್ಟು ಬನ್ನಿ ಎಂದೆ. ರಕ್ತ ಪರೀಕ್ಷೆ ಬರೆಯಲಿಲ್ಲ. ಮೂರನೇ ದಿನ ಬೆಳಗಿನ ಜಾವ ಜೀಪಿನಲ್ಲಿ ಹಾಕಿಕೊಂಡು ಬಂದರು. ಕೈಕಾಲು ತಣ್ಣಗಾಗಿತ್ತು, ಉಸಿರು ಏರಿತ್ತು, ನಾಡಿ ಸಿಗುತ್ತಿರಲಿಲ್ಲ. ಜಿಲ್ಲಾ ಕೇಂದ್ರಕ್ಕೆ ಹೋಗುವ ದಾರಿಯಲ್ಲೇ ತೀರಿಕೊಂಡರು.

ಎದೆಯಲ್ಲಿ ಸದ್ದಿಲ್ಲ ಎಂದು ನಾನು ಅಂದು ನೆಮ್ಮದಿಪಟ್ಟಿದ್ದೆ. ನಮಗೆ ಕಾಣುವ ಕೀವು, ಹಳದಿ ಕಫ, ಎಕ್ಸ್-ರೇಯಲ್ಲಿ ಕಾಣುವ ಬಿಳಿ ಕಲೆ ಇವೆಲ್ಲ ಬಹುಮಟ್ಟಿಗೆ ಬಿಳಿ ರಕ್ತಕಣಗಳು ರೋಗಾಣುವಿನೊಂದಿಗೆ ಹೋರಾಡಿದ ಗುರುತುಗಳು. ಹೋರಾಡುವ ಕಣಗಳೇ ಇಲ್ಲದಿದ್ದಾಗ ಗುರುತುಗಳೂ ಇರುವುದಿಲ್ಲ. ನ್ಯುಮೋನಿಯಾ ಇದ್ದರೂ ಕಫ ಬರುವುದಿಲ್ಲ, ಎಕ್ಸ್-ರೇ ಮೊದಮೊದಲು ಶುಭ್ರವಾಗಿಯೇ ಕಾಣಬಹುದು. ಉಳಿಯುವ ಒಂದೇ ಸೂಚನೆ ಜ್ವರ. ಆ ಸೂಚನೆಯನ್ನೂ ನಾನು ಮಾತ್ರೆ ಕೊಟ್ಟು ಅಳಿಸಿಬಿಟ್ಟಿದ್ದೆ. ಆ ರೈತರ ಮುಖ ಇಂದಿಗೂ ಮರೆತಿಲ್ಲ. ಅದಕ್ಕೇ ರಾತ್ರಿ ಒಂಬತ್ತೂವರೆಗೆ ಮೇಷ್ಟರನ್ನು ಹೊರಡಿಸಿದೆ.

ಆಂಟಿಬಯೋಟಿಕ್ ಬೇಕೇ, ಬೇಡವೇ?

ನೆಗಡಿಗೆ ಆಂಟಿಬಯೋಟಿಕ್ ನುಂಗಬೇಡಿ ಎಂದು ಇದೇ ಅಂಕಣದಲ್ಲಿ ಹಲವು ಬಾರಿ ಬರೆದಿದ್ದೇನೆ. ಆ ಮಾತಿಗೆ ಈಗಲೂ ಬದ್ಧ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಮಾಹಿತಿಯಂತೆ, ಕೋವಿಡ್‌ನಿಂದ ಆಸ್ಪತ್ರೆ ಸೇರಿದವರಲ್ಲಿ ಆಂಟಿಬಯೋಟಿಕ್ ಬೇಕಾಗುವಂಥ ಬ್ಯಾಕ್ಟೀರಿಯಾ ಸೋಂಕು ಇದ್ದದ್ದು ಶೇಕಡಾ 8 ಮಂದಿಗೆ ಮಾತ್ರ. ಆದರೆ ಆಂಟಿಬಯೋಟಿಕ್ ಕೊಟ್ಟದ್ದು ನಾಲ್ವರಲ್ಲಿ ಮೂವರಿಗೆ. ಹೀಗೆ ಬೇಡದ ಕಡೆ ಬಳಸಿದ್ದರಿಂದಲೇ ಔಷಧಕ್ಕೆ ಬಗ್ಗದ ರೋಗಾಣುಗಳು ಹುಟ್ಟುತ್ತವೆ. ನಾಳೆ ಅವು ಮೊದಲು ಬಲಿ ತೆಗೆದುಕೊಳ್ಳುವುದು ಕ್ಯಾನ್ಸರ್ ರೋಗಿಗಳಂಥ ನಿಶ್ಶಕ್ತರನ್ನೇ.

ಆದರೆ ಬಿಳಿ ಕಣ ಕಡಿಮೆಯಾಗಿ ಜ್ವರ ಬಂದವರ ವಿಷಯದಲ್ಲಿ ನಿಯಮವೇ ಬೇರೆ. ಹಿಂದೆ ಇಂಥವರಲ್ಲೂ ಯಾವ ರೋಗಾಣು ಎಂದು ಗೊತ್ತಾಗುವವರೆಗೆ ಕಾಯುತ್ತಿದ್ದರು. ರಕ್ತದ ಕಲ್ಚರ್ ಪರೀಕ್ಷೆಯ ಫಲಿತಾಂಶ ಬರಲು ಎರಡು ಮೂರು ದಿನ ಬೇಕು. ಅಷ್ಟರಲ್ಲಿ ರೋಗಿಯೇ ಇರುತ್ತಿರಲಿಲ್ಲ. 1971ರಲ್ಲಿ ಅಮೆರಿಕದ ಸ್ಟೀಫನ್ ಶಿಂಫ್ ಮತ್ತು ಸಂಗಡಿಗರು ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ, ಜ್ವರ ಕಂಡ ಕೂಡಲೇ ಎರಡು ಆಂಟಿಬಯೋಟಿಕ್‌ಗಳನ್ನು ಒಟ್ಟಿಗೆ ಕೊಟ್ಟು ಪ್ರಾಣ ಉಳಿಸಬಹುದೆಂದು ತೋರಿಸಿದರು. ಅಂದಿನಿಂದ ಇದೇ ಪದ್ಧತಿ. ಆಸ್ಪತ್ರೆಗೆ ಬಂದ ಒಂದು ಗಂಟೆಯೊಳಗೆ ರಕ್ತದ ಮಾದರಿ ತೆಗೆದು, ರಕ್ತನಾಳದ ಮೂಲಕ ಮೊದಲ ಔಷಧ ಹೋಗಬೇಕು ಎಂಬುದು ಇಂದಿನ ಗುರಿ. ಫ್ಲೂ ಸಂದೇಹವಿದ್ದರೆ ಮೂಗಿನ ದ್ರವದ ಪರೀಕ್ಷೆ ಮಾಡಿ ಅದಕ್ಕೆ ಪ್ರತ್ಯೇಕ ಔಷಧ ಕೊಡುತ್ತಾರೆ. ಆ ಔಷಧವೂ ಮೊದಲ ಎರಡು ದಿನದೊಳಗೆ ಶುರುವಾದರೆ ಹೆಚ್ಚು ಫಲ. ಮೂಗಿನಲ್ಲಿ ವೈರಸ್ ಸಿಕ್ಕಿತೆಂದ ಮಾತ್ರಕ್ಕೆ ಬ್ಯಾಕ್ಟೀರಿಯಾ ಇಲ್ಲವೆಂದು ತಿಳಿಯುವಂತಿಲ್ಲ. ಎರಡೂ ಒಟ್ಟಿಗೆ ಇರಬಹುದು.

ಹಾಗಾದರೆ ಅಂಗಡಿಯಿಂದ ನಾವೇ ಆಂಟಿಬಯೋಟಿಕ್ ತಂದು ಕೊಟ್ಟರೆ ಆಗದೇ ಎಂದು ಕೇಳುತ್ತೀರಿ. ಆಗದು. ಯಾವ ಔಷಧ, ಎಷ್ಟು, ಮಾತ್ರೆಯೋ ಇಂಜೆಕ್ಷನ್ನೋ ಎಂಬುದು ರಕ್ತದ ಕೌಂಟ್, ಮೂತ್ರಪಿಂಡದ ಸ್ಥಿತಿ ನೋಡಿ ತೀರ್ಮಾನವಾಗಬೇಕು. ಅಪಾಯ ಕಡಿಮೆ ಎಂದು ಪರೀಕ್ಷೆಯಲ್ಲಿ ಖಚಿತವಾದ ಕೆಲವರಿಗೆ ಮಾತ್ರೆಯಲ್ಲೇ ಚಿಕಿತ್ಸೆ ಕೊಡುವುದುಂಟು. ಅದನ್ನು ನಿರ್ಧರಿಸಬೇಕಾದವರು ವೈದ್ಯರು. ಅರೆಬರೆ ಮಾತ್ರೆ ನುಂಗಿದರೆ ಕಲ್ಚರ್ ಪರೀಕ್ಷೆಯಲ್ಲಿ ರೋಗಾಣು ಸಿಗದೆ ಹೋಗುತ್ತದೆ, ಕಾಯಿಲೆ ಮಾತ್ರ ಒಳಗೆ ಬೆಳೆಯುತ್ತದೆ.

ಮನೆಯವರು ನೆನಪಿಡಬೇಕಾದ್ದು

1. ಮನೆಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ಇರಲಿ. ಹಣೆ ಮುಟ್ಟಿ ಜ್ವರ ಅಳೆಯಬೇಡಿ. ಬಾಯಲ್ಲಿ ಅಥವಾ ಕಂಕುಳಲ್ಲಿ ಇಟ್ಟು ನೋಡಿ. ಗುದದ್ವಾರದಲ್ಲಿ ಇಡಬೇಡಿ, ಎನಿಮಾ ಕೊಡಬೇಡಿ.

2. ಕೀಮೋ ಆದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಅಲ್ಲಿಂದ 7ರಿಂದ 14ನೇ ದಿನದವರೆಗೆ ಹೆಚ್ಚಿನ ಎಚ್ಚರ ಇರಲಿ.

3. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಆಸ್ಪತ್ರೆಗೆ ಫೋನ್ ಮಾಡಿ, ಹೊರಡಿ. ಸಿಗದಿದ್ದರೆ ಫೋನಿಗಾಗಿ ಕಾಯದೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ರಾತ್ರಿ, ಭಾನುವಾರ, ಹಬ್ಬ ಎಂದು ನೋಡಬೇಡಿ.

4. ಜ್ವರ ಅಳೆಯುವ ಮೊದಲು, ವೈದ್ಯರಿಗೆ ತಿಳಿಸುವ ಮೊದಲು ಪ್ಯಾರಾಸಿಟಮಾಲ್ ಕೊಡಬೇಡಿ. ಆಸ್ಪಿರಿನ್, ಐಬುಪ್ರೊಫೆನ್ ಅಂತೂ ಕೇಳದೆ ಬೇಡವೇ ಬೇಡ. ಕೀಮೋದಿಂದ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳೂ ಕಡಿಮೆಯಾಗಿರುತ್ತವೆ, ರಕ್ತಸ್ರಾವವಾದೀತು. ಇದೇ ಕಾರಣಕ್ಕೆ ‘ಒಂದು ಸೂಜಿ ಹಾಕಿಬಿಡಿ ಡಾಕ್ಟ್ರೇ’ ಎಂದು ಸೊಂಟಕ್ಕೆ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ.

5. ಜ್ವರವೇ ಇಲ್ಲದೆಯೂ ಸೋಂಕು ಇರಬಹುದು, ಮುಖ್ಯವಾಗಿ ಸ್ಟೀರಾಯ್ಡ್ ನುಂಗುವವರಲ್ಲಿ, ವಯಸ್ಸಾದವರಲ್ಲಿ. ಮೈ ನಡುಕ, ಏದುಸಿರು, ಎದೆ ನೋವು, ತಲೆಸುತ್ತು, ಮಂಪರು, ಅಸಂಬದ್ಧ ಮಾತು, ಮೂತ್ರ ಕಡಿಮೆಯಾಗುವುದು ಇವು ಅಪಾಯದ ಸೂಚನೆಗಳು. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲಿದ್ದರೆ ಬಳಸಿ. 94ಕ್ಕಿಂತ ಕೆಳಗಿಳಿದರೆ ತಡಮಾಡಬೇಡಿ.

6. ನೆಗಡಿ ಗುಣವಾಗುತ್ತಾ ಬಂದು, ಎರಡು ಮೂರು ದಿನ ಚೆನ್ನಾಗಿದ್ದು, ಮತ್ತೆ ಜ್ವರ ಮರುಕಳಿಸಿದರೆ ಅದು ಎರಡನೇ ಸೋಂಕಿನ ಸ್ಪಷ್ಟ ಲಕ್ಷಣ ಎಂದು ತಿಳಿಯಿರಿ.

7. ಚಿಕಿತ್ಸೆಯ ಫೈಲನ್ನು ಬಾಗಿಲ ಹತ್ತಿರವೇ ಒಂದು ಚೀಲದಲ್ಲಿ ಇಡಿ. ಅಪರಿಚಿತ ಆಸ್ಪತ್ರೆಗೆ ಹೋದಾಗ ಜ್ವರ ಎಂದಷ್ಟೇ ಹೇಳಿ ಸಾಲಿನಲ್ಲಿ ಕೂರಬೇಡಿ. ‘ಕೀಮೋ ಆಗಿ ಇಷ್ಟು ದಿನ, ಈಗ ಇಷ್ಟು ಜ್ವರ’ ಎಂಬುದೇ ನಿಮ್ಮ ಮೊದಲ ಮಾತಾಗಲಿ.

ಇನ್ನೊಂದು ಮಾತು. ರಾಯಚೂರು, ಬೀದರ್‌ನಂಥ ದೂರದ ಊರುಗಳಿಂದ ಬೆಂಗಳೂರಿಗೆ ಕೀಮೋಗೆ ಬರುವ ಕುಟುಂಬಗಳಿವೆ. ರೈಲಿನ ಖರ್ಚು, ಉಳಿಯುವ ಖರ್ಚು, ಕೂಲಿ ಬಿಟ್ಟು ಬಂದ ನಷ್ಟ. ಈ ಸಲ ಕೀಮೋ ಮುಂದೂಡಿದರೆ ಎಂಬ ಭಯದಿಂದ ರೋಗಿಗೆ ಬಂದಿರುವ ನೆಗಡಿ ಜ್ವರವನ್ನು ವೈದ್ಯರಿಂದ ಮುಚ್ಚಿಡುವವರಿದ್ದಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಮುಚ್ಚಿಡಬೇಡಿ. ಸೋಂಕು ಇರುವಾಗಲೇ ಕೀಮೋ ಕೊಟ್ಟರೆ ಪ್ರಾಣಕ್ಕೇ ಅಪಾಯವಾಗಬಹುದು. ಕೆಲವು ದಿನ ಮುಂದೂಡಬೇಕೋ ಬೇಡವೋ ಎಂಬುದನ್ನು ಎಲ್ಲ ತಿಳಿದ ತಜ್ಞರೇ ನಿರ್ಧರಿಸಲಿ. ಊರಿನಿಂದ ಹೊರಡುವ ಮುಂಚೆಯೇ ಫೋನ್ ಮಾಡಿ ಕೇಳಿದರೆ ವ್ಯರ್ಥ ಪ್ರಯಾಣವೂ ತಪ್ಪುತ್ತದೆ.

ತಡೆಯುವುದು ಹೇಗೆ?

ಫ್ಲೂ ಲಸಿಕೆಯನ್ನು ವರ್ಷಕ್ಕೊಮ್ಮೆ ಹಾಕಿಸಬೇಕು. ನ್ಯುಮೊಕಾಕಸ್ ವಿರುದ್ಧವೂ ಲಸಿಕೆ ಇದೆ. ಸಾಧ್ಯವಾದರೆ ಕೀಮೋ ಶುರುವಾಗುವ ಎರಡು ವಾರ ಮೊದಲು, ಇಲ್ಲವೇ ತಜ್ಞರು ಹೇಳಿದ ದಿನ ಹಾಕಿಸಿ. ಕೀಮೋ ನಡೆಯುತ್ತಿರುವವರಲ್ಲಿ ಲಸಿಕೆಯ ಫಲ ಸ್ವಲ್ಪ ಕಡಿಮೆ. ಆದ್ದರಿಂದ ಮನೆಯಲ್ಲಿರುವ ಉಳಿದವರೆಲ್ಲ ಫ್ಲೂ ಲಸಿಕೆ ಹಾಕಿಸಿಕೊಳ್ಳುವುದು ಇನ್ನೂ ಮುಖ್ಯ. ಜೀವಂತ ರೋಗಾಣುವಿನಿಂದ ತಯಾರಿಸಿದ ಲಸಿಕೆಗಳನ್ನು, ಉದಾಹರಣೆಗೆ ದಡಾರ ಮತ್ತು ಸೀತಾಳೆ ಸಿಡುಬಿನವನ್ನು, ಕೀಮೋ ನಡೆಯುವಾಗ ರೋಗಿಗೆ ಹಾಕಬಾರದು.

ಕೈ ತೊಳೆಯುವುದಕ್ಕೆ ಸಮನಾದ ಔಷಧವಿಲ್ಲ. ಅಡುಗೆ ಮಾಡುವವರು, ಮಾತ್ರೆ ಕೊಡುವವರು, ಶಾಲೆಯಿಂದ ಬಂದ ಮಕ್ಕಳು ಸೋಪು ಹಾಕಿ ಕೈ ತೊಳೆದೇ ರೋಗಿಯ ಹತ್ತಿರ ಹೋಗಬೇಕು. ಯಾರಿಗಾದರೂ ನೆಗಡಿಯಾದರೆ ಬೇರೆ ಕೋಣೆಯಲ್ಲಿ ಮಲಗಲಿ. ಒಂದೇ ಕೋಣೆಯ ಮನೆಯಾದರೆ ಮಾಸ್ಕ್ ಹಾಕಿಕೊಂಡು, ಕಿಟಕಿ ತೆರೆದಿಟ್ಟು, ಆದಷ್ಟು ದೂರ ಮಲಗಲಿ.

ಊಟಕ್ಕೆ ಕಠಿಣ ಪಥ್ಯ ಬೇಡ. ರೋಗಿಗೆ ಶಕ್ತಿ ಬೇಕು. ಬಿಸಿ ಅನ್ನ, ಮುದ್ದೆ, ಬೇಳೆ, ಚೆನ್ನಾಗಿ ಬೇಯಿಸಿದ ಮೊಟ್ಟೆ, ಕುದಿಸಿದ ಹಾಲು, ತೊಳೆದು ಸಿಪ್ಪೆ ತೆಗೆದ ಹಣ್ಣು ಎಲ್ಲವನ್ನೂ ಕೊಡಬಹುದು. ತಂಗಳು, ತೆರೆದಿಟ್ಟ ಹಣ್ಣಿನ ಹೋಳು, ಕುದಿಸದ ನೀರು ಬೇಡ. ಶುಂಠಿ ಮೆಣಸಿನ ಕಷಾಯ ಗಂಟಲಿಗೆ ಹಿತವೆನಿಸಿದರೆ ಸ್ವಲ್ಪ ಕುಡಿಯಲಿ, ಆದರೆ ಜ್ವರ ಬಂದಾಗ ಕಷಾಯದ ಫಲ ನೋಡುತ್ತಾ ಕೂರಬೇಡಿ. ಬಾಯಿಯನ್ನು ದಿನಕ್ಕೆ ನಾಲ್ಕೈದು ಸಲ ಉಪ್ಪುನೀರಿನಿಂದ ಮುಕ್ಕಳಿಸಿ, ಮೆತ್ತಗಿನ ಬ್ರಷ್ ಬಳಸಿ. ತೋಟದ ಮಣ್ಣು ಕೆದಕುವುದು, ಅಟ್ಟದ ಧೂಳು ಝಾಡಿಸುವುದು, ಸಗಣಿ ಬಾಚುವುದು ಇವು ಕೀಮೋ ಮುಗಿಯುವವರೆಗೆ ಬೇರೆಯವರ ಕೆಲಸವಾಗಲಿ.

ನೋಡಲು ಬರುವವರಿಗೆ

ಕಾಯಿಲೆಯವರನ್ನು ನೋಡಲು ಹೋಗುವುದು ನಮ್ಮಲ್ಲಿ ಒಳ್ಳೆಯ ಸಂಪ್ರದಾಯ. ಹೋಗದಿದ್ದರೆ ತಪ್ಪು ತಿಳಿಯುತ್ತಾರೆಂಬ ಅಳುಕೂ ಇರುತ್ತದೆ. ಆದರೆ ನಿಮಗೆ ಮೂಗು ಸೋರುತ್ತಿದ್ದರೆ, ಗಂಟಲು ಕೆರೆಯುತ್ತಿದ್ದರೆ, ನಿಮ್ಮ ಮಗುವಿಗೆ ಜ್ವರವಿದ್ದರೆ ಆ ವಾರ ಫೋನಿನಲ್ಲೇ ಮಾತನಾಡಿಸಿ. ಮನೆಯವರು ಬಂದವರಿಗೆ ಈ ಮಾತನ್ನು ಹೇಳಲು ಸಂಕೋಚಪಡುತ್ತಾರೆ. ಅಂಥವರು ‘ಡಾಕ್ಟರು ಹೇಳಿದ್ದಾರೆ’ ಎಂದು ನನ್ನ ಮೇಲೆ ಹಾಕಿಬಿಡಿ. ಬೇಕಾದರೆ ಈ ಬರಹವನ್ನೇ ಕತ್ತರಿಸಿ ಬಾಗಿಲಿಗೆ ಅಂಟಿಸಿ.

ಮೇಷ್ಟರ ಪತ್ನಿಯ ವಿಷಯ ಹೇಳಿ ಮುಗಿಸುತ್ತೇನೆ. ಅಂದು ರಾತ್ರಿ ಹನ್ನೊಂದರ ಹೊತ್ತಿಗೆ ಅವರು ಆಸ್ಪತ್ರೆ ತಲುಪಿದರು. ನ್ಯೂಟ್ರೋಫಿಲ್ 300ಕ್ಕೆ ಇಳಿದಿತ್ತು. ಮೂಗಿನ ದ್ರವದಲ್ಲಿ ಫ್ಲೂ ವೈರಸ್ ಸಿಕ್ಕಿತು. ಎಕ್ಸ್-ರೇ ಅಂದು ಶುಭ್ರವಾಗಿತ್ತು. ಆದರೂ ಕಾಯದೆ ಔಷಧ ಶುರು ಮಾಡಿದರು. ಎರಡನೇ ದಿನ ತೆಗೆದ ಎಕ್ಸ್-ರೇಯಲ್ಲಿ ಬಲ ಶ್ವಾಸಕೋಶದ ತಳದಲ್ಲಿ ನ್ಯುಮೋನಿಯಾ ಕಾಣಿಸಿಕೊಂಡಿತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಉಳಿದ ಕೀಮೋ ಮೂರು ವಾರ ತಡವಾಗಿ ಮುಂದುವರಿದು ಈಗ ಮುಗಿದಿದೆ.

ಮೊನ್ನೆ ಇಬ್ಬರೂ ಕ್ಲಿನಿಕ್ಕಿಗೆ ಬಂದಿದ್ದರು. ಮೇಷ್ಟರ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕದಲ್ಲಿ ಥರ್ಮಾಮೀಟರ್ ಇತ್ತು. “ಇನ್ನು ಇದು ಬೇಡ ಅಲ್ವೇ ಡಾಕ್ಟ್ರೇ?” ಎಂದು ಕೇಳಿದರು. ಇನ್ನೂ ಕೆಲವು ತಿಂಗಳು ಇರಲಿ ಮೇಷ್ಟ್ರೇ ಎಂದೆ.